ಹನ್ನೊಂದನೇ ಭಾಗದ ಶತ್ರು

ಮೊದಲು ಕಂಡದ್ದು ಕಲ್ಲು. ಗಾಜು ಒಡೆದ ಸದ್ದು ಆಮೇಲೆ ಕೇಳಿಸಿತು!

ಅಂಗೈಯಗಲದ ಕಲ್ಲು. ಕಾರಿನೊಳಗೆ ನನಗೂ ಮೇಡಂಗೂ ನಡುವೆ ಬಂದು ಬಿತ್ತು.

"ತಲೆ ಬಗ್ಗಿಸಿ!"

ಎರಡನೆಯದು ಬಾನೆಟ್‌ಗೆ ಬಡಿದು ಹಾರಿತು. ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿ. ನಟ್ಟನಡು ಹಗಲು. ಕಂಬದ ಮರೆಯಲ್ಲಿ ಒಬ್ಬ ನಿಂತಿದ್ದ. ಹೆಲ್ಮೆಟ್, ಬೂದು ಜಾಕೆಟ್... ಎಸೆದವನು ಓಡಬೇಕು ತಾನೇ? ಇವನು ಕತ್ತು ಚಾಚಿ ಇಣುಕುತ್ತಿದ್ದ, ತಗುಲಿತೋ ಇಲ್ಲವೋ ಎಂದು!

ಈ ಕಸುಬಿಗೆ ಹೊಸಬ.

"ಡೋರ್ ಲಾಕ್ ಮಾಡ್ಕೊಳ್ಳಿ. ನಾನು ಬರೋವರ್ಗೂ ತೆಗೀಬೇಡಿ."

"ಅವನಿಗೆ ಹೊಡೀಬೇಡಿ" ಎಂದರು ಮೇಡಂ. ಗಾಜಿನ ಚೂರು ಗೀರಿ ಹಣೆಯಲ್ಲಿ ರಕ್ತ ಜಿನುಗುತ್ತಿತ್ತು. "ನಮ್ಮ ಗೇಮ್ ಆಡೋನೇ ಇರ್ಬೇಕು."

ನಾನು ಇಳಿದೆ. ಅವನು ಓಡಿದ.

ಓಡುತ್ತಲೇ ವಿಷಯ ಹೇಳಿಬಿಡುತ್ತೇನೆ, ಕೇಳಿ. ನಾನು ಬಾಡಿಗೆ ಕಾವಲುಗಾರ. ದೊಡ್ಡವರ ಜೀವಕ್ಕೆ ಬೆದರಿಕೆ ಬಂದರೆ ನನಗೆ ಕೆಲಸ ಬಂದಂತೆ. ಮೇಡಂ 'ಗ್ರೇ ಪ್ಲಟೂನ್' ಎಂಬ ವಿಡಿಯೋ ಗೇಮಿನ ಡೈರೆಕ್ಟರ್. ಬಂದೂಕಿನ ಆಟ. ಇಪ್ಪತ್ತು ವರ್ಷಗಳಿಂದ ಒಂದರ ಹಿಂದೊಂದು ಭಾಗ ಬರುತ್ತಲೇ ಇದೆ. ಮೊದಲನೆಯದನ್ನು ಕಟ್ಟಿದವರೇ ಇವರು. ಕೆಸರು, ಕತ್ತಲು, ಉಸಿರಿನ ಸದ್ದು. ಗುಂಡು ತಗುಲಿದರೆ ಸತ್ತಂತೆಯೇ. ನಾಲ್ಕು ಜನ ಒಬ್ಬರ ಬೆನ್ನು ಒಬ್ಬರು ಕಾಯದಿದ್ದರೆ ಆಟ ಮುಗಿಯಿತು.

ಕಳೆದ ತಿಂಗಳು ಹನ್ನೊಂದನೇ ಭಾಗದ ಟ್ರೇಲರ್ ಬಂತು. ಸೈನಿಕರು ಗೋಡೆಯಿಂದ ಗೋಡೆಗೆ ಹಾರುತ್ತಾರೆ! ತಲೆಗೆ ಮೊಲದ ಕಿವಿ! ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಬರುತ್ತಾರೆ!

ಆಟಗಾರರು ಎರಡು ಪಾಲಾದರು. "ಇದು ಯುದ್ಧವೋ ಸರ್ಕಸ್ಸೋ?" ಎಂದರು ಹಳಬರು. "ಮುದುಕರೇ, ನಿಮ್ಮ ಕೆಸರಲ್ಲೇ ಹೊರಳಾಡಿ" ಎಂದರು ಹೊಸಬರು. ಹಳಬರಿಗೆ ಮೇಡಂ ಆಟ ಕೆಡಿಸಿದವರು. ಹೊಸಬರಿಗೆ ಮೇಡಂ ಇನ್ನೂ ಪೂರ್ತಿ ಬದಲಾಯಿಸದವರು. ಬೈಗುಳ ಬೆದರಿಕೆಯಾಯಿತು. ಬೆದರಿಕೆ ಕಲ್ಲಾಯಿತು. ಹಳಬರ ಗುಂಪಿಗೆ ಒಬ್ಬ ಮುಂದಾಳು, ಆಟಗಾರರ ಆನ್‌ಲೈನ್ ಫೋರಂನಲ್ಲಿ 'ಹವಾಲ್ದಾರ್' ಎಂಬ ಹೆಸರಿನಲ್ಲಿ ಬರೆಯುವವನು. ಮೇಡಂನ ಕಾಯಲು, ಅವನನ್ನು ಹಿಡಿಯಲು ಕಂಪನಿ ನನ್ನನ್ನು ಕರೆಸಿತ್ತು.

ಕಲ್ಲೆಸೆದವನು ಇಳಿಜಾರಿನಲ್ಲಿ ಸುತ್ತಿ ಸುತ್ತಿ ಇಳಿದ. ನಾನು ಮೆಟ್ಟಿಲಲ್ಲಿ ಧುಮುಕಿದೆ. ಹೊರಗೆ ಓಣಿ. ರಟ್ಟಿನ ಡಬ್ಬಗಳ ರಾಶಿಯನ್ನು ನನ್ನ ಕಾಲಿಗೆ ಉರುಳಿಸಿದ. ಹಾರಿದೆ. ಅವನು ಎದುರಿನ ಕಟ್ಟಡಕ್ಕೆ ನುಗ್ಗಿದ. ಮೆಟ್ಟಿಲು... ಒಂದು ಗಾಜಿನ ಬಾಗಿಲು... ಅದರ ಮೇಲೆ ದೊಡ್ಡದೊಂದು ಹಲ್ಲಿನ ಚಿತ್ರ!

ಒಳಗೆ ಕೆನ್ನೆ ಹಿಡಿದುಕೊಂಡವರು ಸಾಲಾಗಿ ಕುಳಿತಿದ್ದರು.

"ಟೋಕನ್ ತಗೊಳ್ಳಿ. ಡಾಕ್ಟರು ಈಗ ತಾನೇ ಬಂದ್ರು" ಎಂದಳು ಕೌಂಟರಿನ ಹುಡುಗಿ.

ಒಳಬಾಗಿಲು ತಳ್ಳಿದೆ. ಔಷಧದ ಟ್ರೇ ಪಕ್ಕದಲ್ಲೇ ಹೆಲ್ಮೆಟ್. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಹೆಂಗಸು. ಅವಳ ಮೇಲೆ ಬಾಗಿ, ಬಿಳಿ ಕೋಟು ತೊಟ್ಟು ಏದುಸಿರು ಬಿಡುತ್ತಿದ್ದ ನಡುವಯಸ್ಸಿನ ಡಾಕ್ಟರು!

"ಅಮ್ಮಾ, ಬಾಯಿ ಮುಚ್ಚಿ, ಹೊರಗೆ ಕೂತ್ಕೊಳ್ಳಿ" ಎಂದೆ. ಆಕೆ ಎದ್ದಳು.

ಅವನ ಕಾಲರು ಹಿಡಿದೆ.

"ಹವಾಲ್ದಾರ್?"

"ಹೌದು..."

"ಓದಿದೋನು. ಹಲ್ಲು ನೋಡೋ ಕೈಲಿ ಕಲ್ಲು ಯಾಕೋ?"

"ನಿಮಗೇನ್ರೀ ಗೊತ್ತು?" ಅವನ ದನಿ ಒಡೆಯಿತು. "ಕಾಲೇಜಲ್ಲಿ ನಾವು ನಾಲ್ಕು ಜನ. ಆಮೇಲೆ ಮದುವೆ, ಮಕ್ಕಳು, ಕೆಲಸ... ಒಬ್ಬೊಬ್ಬ ಒಂದೊಂದು ಊರು. ಭಾನುವಾರ ಬಂದ್ರೆ ಮಾತ್ರ ನಾಲ್ವರೂ ಅದೇ ಕೆಸರಲ್ಲಿ! ಆಟ ಬದಲಾಗ್ತಾ ಬಂತು. ಒಬ್ಬ ಬಿಟ್ಟ. ಇನ್ನೊಬ್ಬ ಬಿಟ್ಟ. ಈಗ ಫೋನ್ ಮಾಡಿದ್ರೆ 'ಹೇಗಿದೀಯಾ' ಅಂದ್ಮೇಲೆ ಮಾತೇ ಇಲ್ಲ. ನಮ್ಮನ್ನ ಚೆದುರಿಸಿದ್ದು ಅವಳು!"

"ಅವಳಲ್ಲ, ಅವರು" ಎಂದೆ. "ಟ್ರೇಲರ್ ಬಂದ್ಮೇಲೆ ಮೀಟಿಂಗ್ ಆಯ್ತಲ್ಲ, ಆ ರೂಮಿನ ಬಾಗಿಲಲ್ಲಿ ನಿಂತಿದ್ದೋನು ನಾನು. ಈ ಹಾರಾಟ, ಮೊಲದ ಕಿವಿ, ಎಲ್ಲಾ ಮಾರ್ಕೆಟಿಂಗಿನ ಟೈ ತಂದಿದ್ದು."

ಟೈ ಎಂದರೆ ಅವರ ಮಾರ್ಕೆಟಿಂಗ್ ಮುಖ್ಯಸ್ಥ. ಎಲ್ಲರೂ ಟೀ ಶರ್ಟಿನಲ್ಲಿರುವ ಆಫೀಸಿನಲ್ಲಿ ಅವನೊಬ್ಬನೇ ಟೈ ಕಟ್ಟುತ್ತಿದ್ದ.

"ಈಗಲಾದ್ರೂ ತೆಗೀರಿ ಅಂತ ಮೇಜು ಬಡಿದು ಜಗಳ ಆಡಿದ್ದು ಮೇಡಂ ಒಬ್ಬರೇ. ಹೊರಗೆ ಬಾಯಿ ಬಿಟ್ರೆ ಕೇಸ್ ಅಂದ್ರು ಕಂಪನಿಯವರು. ಮೇಡಂ ಸುಮ್ಮನಾದ್ರು. ನಿಮ್ಮ ಕಡೆ ಇದ್ದ ಒಂದೇ ಜೀವಕ್ಕೆ ನೀವು ಕಲ್ಲು ಹೊಡೀತಿದ್ದೀರಿ. ಎತ್ತಿಗೆ ಜ್ವರ, ಎಮ್ಮೆಗೆ ಬರೆ!"

ಅವನ ಮುಖ ಸುಣ್ಣವಾಯಿತು. ಕೈ ಜೇಬಿಗೆ ಹೋಯಿತು. ಫೋನು ತೆಗೆದ.

"ಬೆಳಗ್ಗೆ... ಅವರ ಮನೆ ಅಡ್ರೆಸ್ ಗುಂಪಿಗೆ ಹಾಕ್ಬಿಟ್ಟೆ."

ಕಸಿದುಕೊಂಡೆ. ಅಡ್ರೆಸ್ಸಿನ ಕೆಳಗೆ ಹೆಸರಿಲ್ಲದವನೊಬ್ಬ ಆಗಷ್ಟೇ ಬರೆದಿದ್ದ: 'ಪೊಲೀಸಿಗೆ ಕಾಲ್ ಮಾಡಿದೆ. ಆ ಮನೇಲಿ ಒಬ್ಬ ಗನ್ ಹಿಡಿದು ಮಕ್ಕಳನ್ನ ಕೂಡಿಹಾಕಿದಾನೆ ಅಂದೆ. ಮಜಾ ನೋಡಿ!'

ಕೆಳಗೆ ನಗುವ ಮುಖಗಳ ಸಾಲು.

ಆ ಮನೆಯಲ್ಲಿ ಮಕ್ಕಳಿಲ್ಲ. ಮೇಡಂನ ಅಪ್ಪ ಒಬ್ಬರೇ. ಕಿವಿ ಪೂರ್ತಿ ಹೋಗಿದೆ.

"ಬೈಕ್ ಕೀ ಎಲ್ಲಿ?"

ನಾನು ಓಡಿಸಿದೆ. ಅವನು ಬಿಳಿ ಕೋಟಿನಲ್ಲೇ ಹಿಂದೆ ಕುಳಿತು ಪೊಲೀಸರಿಗೆ ಫೋನ್ ಹಚ್ಚಿದ. ಸಿಗ್ನಲ್ ಹಾರಿಸಿದೆ. ಫುಟ್‌ಪಾತ್ ಹತ್ತಿಸಿದೆ. ಬಸ್ಸಿಗೂ ಲಾರಿಗೂ ನಡುವೆ ತೂರಿದೆ.

"ಅದು ಸುಳ್ಳು ಸುದ್ದಿ, ಸರ್! ಗನ್ ಇಲ್ಲ! ಪಾಪ, ಕಿವಿ ಕೇಳದ ವಯಸ್ಸಾದೋರು!" ಅವನು ನನ್ನ ಬೆನ್ನ ಹಿಂದೆ ಅರಚುತ್ತಿದ್ದ.

"ಏನಂತಾರೆ?" ಎಂದು ಕೂಗಿದೆ.

"ಗನ್ ಇದೆ ಅಂತ ಇನ್ನೂ ಹಲವರು ಹೇಳಿದಾರಂತೆ... ನಿಮ್ಮೊಬ್ಬರನ್ನ ಹೇಗೆ ನಂಬೋದು ಅಂತಾರೆ!"

ಹೊರಡುವಾಗ ಮೇಡಂಗೆ ಫೋನಿನಲ್ಲಿ ನಾನು ಹೇಳಿದ್ದು ಒಂದೇ ಮಾತು. "ಮನೆಗೆ ಪೊಲೀಸರು ನುಗ್ತಿದಾರೆ, ಬನ್ನಿ." ಹೊರಗೆ ಬರಬೇಡಿ ಎಂದು ಅಪ್ಪನಿಗೆ ಅವರು ಮೆಸೇಜ್ ಕಳಿಸಿದ್ದರಂತೆ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತೆಂದು ಆಮೇಲೆ ತಿಳಿಯಿತು.

ರಸ್ತೆಗೆ ಅಡ್ಡವಾಗಿ ಪೊಲೀಸ್ ವ್ಯಾನುಗಳು. ಕಾರುಗಳ ಮರೆಯಲ್ಲಿ ಬಂದೂಕುಗಳು. ಮೈಕಿನಲ್ಲಿ ಒಬ್ಬ ಗುಡುಗುತ್ತಿದ್ದ. "ಕೈ ಮೇಲೆತ್ತಿ ಹೊರಗೆ ಬನ್ನಿ!"

"ಗುಂಡು ಹಾರಿಸ್ಬೇಡಿ! ಅವರಿಗೆ ಕಿವಿ ಕೇಳಲ್ಲ!" ನಾನು ನುಗ್ಗಿದೆ. ಇಬ್ಬರು ನನ್ನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿಯೂರಿದರು.

ಬಾಗಿಲು ತೆರೆಯಿತು.

ಮುದುಕರು ನಿಂತಿದ್ದರು. ಬನಿಯನ್ನಿನ ಮೇಲೆ ಗೋಡೆಯ ಬಿಳಿ ಧೂಳು. ಕೈಯಲ್ಲಿ ಡ್ರಿಲ್ಲಿಂಗ್ ಮೆಷಿನ್. ಶೆಲ್ಫ್ ಕೂರಿಸುತ್ತಿದ್ದರು, ಪಾಪ. ಅಷ್ಟು ಜನರನ್ನು ಕಂಡು ನಾಚಿಕೆಯಿಂದ ನಕ್ಕರು.

"ಸದ್ದು ಜಾಸ್ತಿ ಆಯ್ತೇನಪ್ಪಾ?"

ಎಂದು ಮೆಷಿನ್ ಎತ್ತಿ ತೋರಿಸಿದರು.

ಒಂದೇ ಗುಂಡು.

ನನ್ನನ್ನು ಹಿಡಿದಿದ್ದವರ ಕೈ ಸಡಿಲವಾಯಿತು. ಡಾಕ್ಟರ್ ಆಗಲೇ ಹೊಸ್ತಿಲಲ್ಲಿದ್ದ. ಬಿಳಿ ಕೋಟು ನೋಡಿ ಯಾರೂ ತಡೆಯಲಿಲ್ಲ. ಕೋಟನ್ನೇ ಮುದ್ದೆ ಮಾಡಿ ಮುದುಕರ ಎದೆಗೆ ಒತ್ತಿ ಹಿಡಿದ. "ತಾತಾ... ತಾತಾ, ಇಲ್ಲಿ ನೋಡಿ..." ಆಂಬುಲೆನ್ಸ್ ಬಂದಾಗಲೂ ಒತ್ತಿ ಹಿಡಿದೇ ಇದ್ದ. ಅಷ್ಟರಲ್ಲಿ ಒತ್ತುವುದರಿಂದ ಏನೂ ಆಗದ ಹೊತ್ತು ಬಂದಿತ್ತು.

ಮೇಡಂ ಬಂದರು. ಅಪ್ಪನ ಪಕ್ಕ ಕುಳಿತು, ಅವರ ಕೂದಲಲ್ಲಿದ್ದ ಧೂಳು ಕೊಡವಿದರು. ಆಮೇಲೆ ಡಾಕ್ಟರನ್ನು ನೋಡಿದರು. ಮೊಣಕೈವರೆಗೂ ರಕ್ತ.

"ಡಾಕ್ಟರಾ ನೀವು?"

"ಹಲ್ಲಿನ ಡಾಕ್ಟರು."

"ತುಂಬಾ ಪ್ರಯತ್ನ ಮಾಡಿದ್ರಿ... ಥ್ಯಾಂಕ್ಸ್."

ಅವನು ತಡೆದುಕೊಳ್ಳಲಾರದೆ ಹೋದ. "ಮೇಡಂ... ಹವಾಲ್ದಾರ್ ನಾನೇ. ಅಡ್ರೆಸ್ ಹಾಕಿದ್ದು ನಾನೇ."

ಅವರು ಅವನನ್ನೇ ನೋಡಿದರು. ನಾನು ಇಬ್ಬರ ನಡುವೆ ಹೋಗಿ ನಿಂತೆ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಿಮಗೆ ಯಾವ ಭಾಗ ಇಷ್ಟ?" ಎಂದು ಕೇಳಿದರು.

"ಮೊದಲನೇದು."

"ನನಗೂ" ಎಂದು ಒಳಗೆ ಹೋದರು. ಆಮೇಲೆ ಆಟಗಳ ಲೋಕವನ್ನೇ ಬಿಟ್ಟರು. ಎಲ್ಲಿದ್ದಾರೋ ನನಗೆ ಗೊತ್ತಿಲ್ಲ.

ಪೊಲೀಸರಿಗೆ ಸುಳ್ಳು ಹೇಳಿದವರು ಯಾರೂ ಸಿಗಲಿಲ್ಲ. ಯಾವ ದೇಶದವರೆಂದೂ ತಿಳಿಯಲಿಲ್ಲ. ಕೈಗೆ ಸಿಕ್ಕವನು ಒಬ್ಬನೇ, ಓಡದೆ ನಿಂತವನು. ಫೋರಂನಲ್ಲಿ ಕೆಲವು ದಿನ ಹೊಸ ಚರ್ಚೆ ನಡೆಯಿತು, ಸಾವಿಗೆ ಹಳಬರು ಕಾರಣವೋ ಹೊಸಬರೋ ಎಂದು. 'ಆಟಗಾರರ ಮಾತಿಗೆ ಕಿವಿಗೊಟ್ಟಿದ್ದೇವೆ' ಎಂದು ಕಂಪನಿ ಹೇಳಿಕೆ ಹೊರಡಿಸಿತು. ಮೇಡಂನ ಕುರ್ಚಿಯಲ್ಲಿ ಟೈ ಕುಳಿತ. ಹನ್ನೊಂದನೇ ಭಾಗ ದಾಖಲೆ ಮಾರಾಟ ಕಂಡಿತು!

ಮರುವರ್ಷ ಜೈಲಿಗೆ ಹೋಗಿ ಡಾಕ್ಟರನ್ನು ಕಂಡೆ. ಯಾಕೆ ಹೋದೆನೋ ನನಗೇ ಗೊತ್ತಿಲ್ಲ. ಇಳಿದುಹೋಗಿದ್ದ. ಮೂವರು ಗೆಳೆಯರಲ್ಲಿ ಒಬ್ಬನೂ ಬಂದಿರಲಿಲ್ಲವಂತೆ. ಹೊರಡಲು ಎದ್ದೆ.

"ಸರ್..." ಎಂದ ತಗ್ಗಿದ ದನಿಯಲ್ಲಿ. "ಹನ್ನೆರಡನೇದು ಬಂತಂತಲ್ಲ. ಹೇಗಿದೆಯಂತೆ?"

"ಜನ ಉಗೀತಿದಾರೆ. ಟೈ ಮನೆ ಕಿಟಕಿ ಪುಡಿಯಾಗಿದೆ."

"ಅಯ್ಯೋ... ಮತ್ತೆ?"

"ಮತ್ತೇನು? ನಾಳೆಯಿಂದ ಅವನ ಕಾವಲಿಗೆ ನಾನೇ!"