ಬೆಸುಗೆಗೆ ಮುಂಚಿನ ಬಳೆ

ಇದು ನಡೆದದ್ದು ಹಾಡಹಗಲಲ್ಲಿ. ಕನ್ನಡಕವೂ ನನ್ನ ಮೂಗಿನ ಮೇಲೇ ಇತ್ತು.

ನನಗೆ ಹವ್ಯಾಸಿ ರೇಡಿಯೋ ಕಲಿಸಿದ ಸೋದರಮಾವ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಮೂಕವಾಗಿದ್ದ ಅವರ ಸೆಟ್ಟನ್ನು ಮತ್ತೆ ಮಾತಾಡಿಸೋಣವೆಂದು ಚಾವಣಿಯ ಆಂಟೆನಾದಿಂದ ಹೊಸ ಕೇಬಲ್ ಇಳಿಸಿ, ಅವರ ಮೇಜಿನ ಬಳಿಯೇ ಕೂತು ತುದಿಗೆ ಪ್ಲಗ್ ಬೆಸೆದೆ. ಬೆಸೆದ ಮೇಲೆ ನೋಡುತ್ತೇನೆ, ಪ್ಲಗ್ಗನ್ನು ಬಿಗಿಯುವ ಹಿತ್ತಾಳೆಯ ಬಳೆ ಮೇಜಿನ ಮೇಲೇ ಕೂತಿದೆ! ಅದನ್ನು ಬೆಸುಗೆಗೆ ಮುಂಚೆಯೇ ಕೇಬಲ್ಲಿಗೆ ತೊಡಿಸಬೇಕು. ಮರೆತರೆ ಪ್ಲಗ್ ಕತ್ತರಿಸಿ ಎಲ್ಲ ಮೊದಲಿನಿಂದ. ಮಾವ ಪ್ರತಿ ಸಲವೂ ತಲೆಗೆ ಮೊಟಕಿ, "ಬಳೆ ಹಾಕಿದ್ಯೇನೋ, ಕತ್ತೆ?" ಅನ್ನುತ್ತಿದ್ದರು.

ನನ್ನನ್ನೇ ಬೈದುಕೊಳ್ಳುತ್ತ ಕಟರ್ ತರಲು ಕೆಳಗಿಳಿದೆ.

"ಮೇಲೆ ಯಾರು ಬಂದಿದಾರೆ?" ಅತ್ತೆ ಕೇಳಿದರು.

"ಯಾರೂ ಇಲ್ಲ ಅತ್ತೆ, ನಾನೊಬ್ನೇ."

"ನೀನು ಇಲ್ಲಿದ್ದೀಯ. ಮತ್ತೆ ಈಗ ಕುರ್ಚಿ ಎಳೆದಿದ್ದು?"

ಹತ್ತಿ ಬಂದೆ. ಕೇಬಲ್ಲಿನಲ್ಲಿ, ಪ್ಲಗ್ಗಿನ ಹಿಂದೆ, ಬಳೆಯಿತ್ತು. ಬೆಸುಗೆ ಒಡೆದಿರಲಿಲ್ಲ, ನನ್ನದೇ ಒರಟು ಗಂಟು, ಆಗಲೇ ತಣ್ಣಗಾಗಿತ್ತು. ಬಳೆ ಮಾತ್ರ ಯಾರೋ ಮುಷ್ಟಿಯಲ್ಲಿ ಹಿಡಿದಿದ್ದಂತೆ ಬೆಚ್ಚಗಿತ್ತು. ಆ ಕಡೆಯ ತುದಿ ಬಿಚ್ಚಿ ತೂರಿಸಿರಬಹುದೆಂದು ಚಾವಣಿಗೆ ಓಡಿದೆ. ಆಂಟೆನಾ ತುದಿಗೆ ಬೆಳಿಗ್ಗೆ ನಾನೇ ಸುತ್ತಿದ ಟೇಪನ್ನು ಯಾರೂ ಬಿಚ್ಚಿರಲಿಲ್ಲ.

ಮತ್ತೆ ಮೇಜಿನ ಬಳಿ ಬಂದು ನಿಂತೆ. ಕೇಬಲ್ಲಿನ ಬಳೆ ಹಾಗೇ ಇತ್ತು. ನಾನು ತೊಡಿಸಲು ಮರೆತಿದ್ದ ಬಳೆಯೂ ಮೇಜಿನ ಮೇಲೆ, ಇಟ್ಟಲ್ಲೇ ಇತ್ತು.