ಹದಿನೇಳನೇ ನಂಬರಿನ ಗೋಡೆ

ಬುಧವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಚಿತ್ರಕಾರರ ಮನೆಯ ಮೇಲ್ವಿಚಾರಕರು ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದರು. ಚಿತ್ರಕಾರರ ಮನೆ ಈಗ ಮನೆಯಲ್ಲ, ಮ್ಯೂಸಿಯಂ. ಕಡಲ ಪಕ್ಕದ ರಸ್ತೆಯುದ್ದಕ್ಕೂ ಇಂಥ ಹಳೇ ಮನೆಗಳು ಐದಿವೆ: ಹಡಗಿನ ಕಪ್ತಾನನದು, ವ್ಯಾಪಾರಿಯದು, ವೈದ್ಯರದು, ಸುಂಕದವರದು ಮತ್ತು ಇದು. ಒಂದೇ ಟಿಕೆಟ್ಟಿನಲ್ಲಿ ಐದನ್ನೂ ಸುತ್ತಿ, ಐದು ಮೊಹರು ಹಾಕಿಸಿಕೊಂಡು, ಕಾಲು ನೋವು ಎಂದು ಗೊಣಗುತ್ತ ಮನೆಗೆ ಹೋಗಬಹುದು.

"ಒಂದು ಚಿತ್ರ ಕಾಣೆಯಾಗಿದೆ ಮೇಡಂ."

"ಯಾವಾಗಿಂದ?" ಇನ್‌ಸ್ಪೆಕ್ಟರ್ ಕೇಳಿದಳು.

"ಅದೇ ಗೊತ್ತಾಗ್ತಿಲ್ಲ. ಬೆಳಿಗ್ಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಕ್ಯಾಟಲಾಗ್ ಹಿಡ್ಕೊಂಡು ಬಂದಿದ್ರು. ಹದಿನೇಳನೇ ನಂಬರ್ ಎಲ್ಲಿ ಅಂದ್ರು. ನಾನೂ ಹುಡುಕಿದೆ. ಇಲ್ಲ."

"ವಾರಕ್ಕೊಂದ್ಸಲ ತಪಾಸಣೆ ಮಾಡಲ್ವಾ?"

"ಮಾಡ್ತೀವಲ್ಲ! ಗೋಡೆ ಮೇಲೆ ಎಲ್ಲಾದ್ರೂ ಖಾಲಿ ಮೊಳೆ ಇದೆಯಾ ಅಂತ ನೋಡ್ತೀವಿ. ಖಾಲಿ ಮೊಳೆ ಇರಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಕೆಮ್ಮಿನ ನೆಪ ಮಾಡಿ ನಗು ನುಂಗಿಕೊಂಡ. ಕಂಡದ್ದು ಕೇಳಿದ್ದೆಲ್ಲ ಬರೆದಿಡುವ ಚಟ ಅವನಿಗೆ. ಠಾಣೆಯಲ್ಲಿ ಎಲ್ಲರೂ ಕರೆಯುವುದೇ ಡೈರಿ ಎಂದು. ಅವನು ದೂರು ಬರೆದುಕೊಂಡ. ಹನ್ನೆರಡು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತು: ಒಂದೂವರೆ ಅಡಿ ಎತ್ತರದ ತೈಲಚಿತ್ರ, ಹೆಸರು 'ಕಡಲಿಗಾಗಿ ಕಾದವಳು', ಚಿತ್ರದಲ್ಲಿರುವ ಹೆಂಗಸು ಅಪರಿಚಿತೆ.

ಒಂದೂವರೆಗೆ ಅವರು ಸ್ಥಳಕ್ಕೆ ಹೋದರು. ಮಹಡಿಗೆ ಹತ್ತುವ ಮರದ ಮೆಟ್ಟಿಲು ಸುತ್ತಿ ಸುತ್ತಿ ಏರುವಂಥದ್ದು, ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕೆಳಗೇ ನಿಲ್ಲಬೇಕು. ಡೈರಿ ತನ್ನ ಹೊಟ್ಟೆ ಒಳಗೆಳೆದುಕೊಂಡು ಹತ್ತಿದ. ಮೇಲಿನ ಕೋಣೆಯಲ್ಲಿ ಹದಿನಾರನೇ ಚಿತ್ರವಿತ್ತು, ಹದಿನೆಂಟನೆಯದಿತ್ತು. ನಡುವೆ ಬಿಸಿಲಿಗೆ ಮಾಸಿದ ತಿಳಿಹಳದಿ ಗೋಡೆ ಏನೂ ಅರಿಯದ ಹಾಗೆ ನಿಂತಿತ್ತು. ಮೊಳೆಯಿಲ್ಲ, ಮೊಳೆಯ ತೂತೂ ಇಲ್ಲ.

ಇನ್‌ಸ್ಪೆಕ್ಟರ್ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಚಿತ್ರ ತೆಗೆದರೆ ಗೋಡೆಯ ಮೇಲೆ ಅದರ ಆಕಾರದ ಕಲೆ ಉಳಿಯಬೇಕು. ಈ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಮನೆಯಲ್ಲೇ ಟಿವಿ ಕಪಾಟು ಸರಿಸಿದ ಜಾಗಕ್ಕೆ ಬಣ್ಣದವರು ಮೂರು ಸಲ ಬಂದು ಬಳಿದರೂ ಚೌಕಾಕಾರದ ಕಲೆ ಎದ್ದು ಕಾಣುತ್ತಿತ್ತು. "ಊರ ಕಳ್ಳರನ್ನೆಲ್ಲ ಹಿಡೀತಾಳೆ, ಒಂದು ಗೋಡೆ ಸರಿ ಮಾಡ್ಸೋಕಾಗಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳಿ ಮುಗಿಸಿದ್ದರು.

ಅವಳು ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಡ್ಡ ಬೆಳಕು ಬಿಟ್ಟಳು. ಹಳೆಯ ಬಣ್ಣದ ಗೆರೆಗಳು ಅಡ್ಡಕ್ಕೆ ಹೋಗಿದ್ದವು. ನಡುವೆ ಒಂದೂವರೆ ಅಡಿಯಷ್ಟು ಜಾಗದಲ್ಲಿ ಕುಂಚ ಮೇಲಿಂದ ಕೆಳಕ್ಕೆ ಇಳಿದಿತ್ತು.

"ಅಬ್ಬಾ! ಏನು ಕೈ ರೀ ಇದು!" ಎಂದಳು. ಕಳ್ಳನನ್ನು ಹೊಗಳಬಾರದೆಂದು ಆಮೇಲೆ ನೆನಪಾಯಿತು. "ಡೈರಿ, ಇದನ್ನ ಬರ್ಕೋಬೇಡಿ."

ಡೈರಿ ಆಗಲೇ ಬರೆದುಕೊಂಡಾಗಿತ್ತು.

ಗುರುವಾರ ಬೆಳಿಗ್ಗೆ ಹತ್ತರಿಂದ ಇಬ್ಬರೂ ಉಳಿದ ನಾಲ್ಕು ಮನೆ ಸುತ್ತಿದರು. ಅಷ್ಟು ವರ್ಷ ಅದೇ ಊರಲ್ಲಿದ್ದರೂ ಇನ್‌ಸ್ಪೆಕ್ಟರ್ ಒಂದನ್ನೂ ಒಳಹೊಕ್ಕು ನೋಡಿರಲಿಲ್ಲ. ಕಪ್ತಾನನ ಮನೆಯಲ್ಲಿ ಮಂಚ ಹಡಗಿನ ಮಂಚದಷ್ಟೇ ಕಿರಿದಾಗಿತ್ತು. ದಡದಲ್ಲಿ ಅಗಲ ಮಂಚದ ಮೇಲೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ವೈದ್ಯರ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತಿಸಿದ ಗೀಟುಗಳು ಹಾಗೇ ಇದ್ದವು. ಅವಳು ಬಂದ ಕೆಲಸ ಮರೆತು ಆ ಗೀಟುಗಳನ್ನು ಎಣಿಸುತ್ತ ನಿಂತುಬಿಟ್ಟಳು.

"ಈ ಚೌಕಟ್ಟಿನ ಪಕ್ಕ ಮೊದಲು ಸ್ವಿಚ್ ಬೋರ್ಡ್ ಇತ್ತು," ಅಲ್ಲಿನ ಕಾವಲಿನವಳು ಹೆಮ್ಮೆಯಿಂದ ಅಂದಳು. "ಎಲ್ಲಿತ್ತು ಹೇಳಿ ನೋಡೋಣ!"

ಇನ್‌ಸ್ಪೆಕ್ಟರ್ ಟಾರ್ಚ್ ಒರಗಿಸಿದಳು. ಕುಂಚ ಮೇಲಿಂದ ಕೆಳಕ್ಕೆ ಇಳಿದಿತ್ತು.

"ಇದು ಯಾರ ಕೆಲಸ?"

"ಇನ್ಯಾರದು, ನಮ್ಮ ಬಣ್ಣದ ಮಾಮಂದು. ಐದೂ ಮನೆಗೂ ಅವರೇ. ಉಪ್ಪುಗಾಳಿಗೆ ಮಾಸಿದ ಬಣ್ಣ ಕಲಸೋದು ಅವರೊಬ್ಬರಿಗೇ ಗೊತ್ತು. ಯಾಕೆ, ನಿಮ್ಮನೇಲೂ ಕೆಲಸ ಇದೆಯಾ?"

"ಇದೆ," ಎಂದು ಬಾಯಿತಪ್ಪಿ ಹೇಳಿ ಇನ್‌ಸ್ಪೆಕ್ಟರ್ ನಾಲಿಗೆ ಕಚ್ಚಿಕೊಂಡಳು.

ಮಧ್ಯಾಹ್ನ ಎರಡಕ್ಕೆ ಚಿತ್ರಕಾರರ ಮನೆಯ ಕ್ಯಾಮೆರಾ ನೋಡಿದರು. ಐದನೇ ತಾರೀಖು, ಸೋಮವಾರ, ರಜೆಯ ದಿನ. ಬೆಳಿಗ್ಗೆ 10.05ಕ್ಕೆ ಮಾಮ ಏಣಿ, ಬಕೆಟ್ಟು, ಮಡಚಿದ ಬಟ್ಟೆಯೊಂದಿಗೆ ಒಳಗೆ. 12.40ಕ್ಕೆ ಹೊರಗೆ, ಬಟ್ಟೆಯಲ್ಲಿ ಏನೋ ಸುತ್ತಿ ಕಂಕುಳಲ್ಲಿ. ಕಾವಲಿನವನೇ ಬಾಗಿಲು ಹಿಡಿದು, ಹುಷಾರು ಎಂಬಂತೆ ಕೈ ತೋರಿಸಿದ್ದ.

ಮೂರೂ ಮುಕ್ಕಾಲಿಗೆ ಜೀಪು ಬಣ್ಣದ ಮಾಮನ ಮನೆ ಮುಂದೆ ನಿಂತಿತು. ವಸ್ತು ಗುರುತಿಸಲು ಮೇಲ್ವಿಚಾರಕರನ್ನೂ ಕರೆತಂದಿದ್ದರು. ಪಂಚರಾಗಿ ಪಕ್ಕದ ದರ್ಜಿಯೂ ಎದುರಿನ ಬೀಗ ರಿಪೇರಿಯವನೂ ಬಂದರು. ಬಾಗಿಲು ತೆಗೆದವನಿಗೆ ಐವತ್ತೆಂಟರ ಸುಮಾರು, ಉಗುರಿನ ಸಂದಿಯಲ್ಲೆಲ್ಲ ತಿಳಿಹಳದಿ.

"ಚಿತ್ರ ಎಲ್ಲಿ?"

"ಒಳಗಿದೆ ಬನ್ನಿ. ಮೆಲ್ಲಗೆ ಮಾತಾಡಿ, ಅಕ್ಕ ನೋಡ್ತಾ ಕೂತಿದಾಳೆ."

ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಕುರ್ಚಿಯ ಮೇಲೆ ಒಗೆದ ದುಪ್ಪಟಿ ಹಾಸಿ ಚಿತ್ರವನ್ನು ಒರಗಿಸಿದ್ದರು. ಅದರ ಎದುರು ಗಾಲಿಕುರ್ಚಿಯಲ್ಲಿ ಎಪ್ಪತ್ತು ದಾಟಿದ ಹೆಂಗಸು ಕೂತಿದ್ದಳು. ಕಾಳು ನೋಡುವ ಕೋಳಿಯ ಹಾಗೆ ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತಿದ್ದಳು.

"ಯಾಕೆ ತೆಗೆದ್ರಿ?"

"ಅದು ಅಕ್ಕನ ಚಿತ್ರ ಮೇಡಂ. ಆ ಮನೇಲಿ ಬಟ್ಟೆ ಒಗೀತಿದ್ಲು. ಇಪ್ಪತ್ತೆರಡು ವರ್ಷ ಆಗ. ಕಿಟಕಿ ಹತ್ರ ನಿಲ್ಸಿ ಬರೆದ್ರು, ಮುಗಿದ್ಮೇಲೆ ಮುಚ್ಚಿ ತಗೊಂಡ್ಹೋದ್ರು. ಅದು ವಾಪಸ್ ಬಂದು ಮಹಡಿ ಮೇಲೆ ತೂಗೋ ಹೊತ್ತಿಗೆ ಇವಳ ಮಂಡಿ ಹೋಗಿತ್ತು. ಈಗ ಕಣ್ಣೂ ಹೋಗ್ತಿದೆ. ನಡುಮಧ್ಯ ಏನೂ ಕಾಣಲ್ಲ, ಅಂಚಲ್ಲಿ ಮಾತ್ರ. ಈ ತಿಂಗಳು ಕಳೆದ್ರೆ ಅದೂ ಇಲ್ಲ ಅಂದ್ರು ಡಾಕ್ಟ್ರು."

"ಕೇಳಬೇಕಿತ್ತು."

"ಕೇಳಿದ್ದೆ. ಅರ್ಧ ಗಂಟೆ ಕೆಳಗೆ ತನ್ನಿ ಅಂತ ಅರ್ಜಿ ಬರೆದುಕೊಟ್ಟೆ."

ಇನ್‌ಸ್ಪೆಕ್ಟರ್ ಮೇಲ್ವಿಚಾರಕರ ಕಡೆ ತಿರುಗಿದಳು.

"ನಿಯಮದಲ್ಲಿ... ಅವಕಾಶ ಇಲ್ಲ," ಅವರು ತಮ್ಮ ಬೂಟು ನೋಡುತ್ತ ಅಂದರು.

"ಸರಿ. ಗೋಡೆಗೆ ಯಾಕೆ ಬಣ್ಣ ಬಳಿದ್ರಿ? ಕಳವು ಮುಚ್ಚಿಡೋಕೆ ತಾನೆ?"

ಮಾಮನಿಗೆ ನಿಜಕ್ಕೂ ಬೇಸರವಾಯಿತು. "ಅಯ್ಯೋ, ಎರಡು ದಿನಕ್ಕೆ ವಾಪಸ್ ತರೋಣ ಅಂತಿದ್ದೆ. ಹಾಗಂತ ಅಷ್ಟು ದೊಡ್ಡ ಕಲೆ ಬಿಟ್ಟು ಏಣಿ ಇಳಿಯೋಕಾಗುತ್ತಾ? ದೂರದಿಂದ ಜನ ನೋಡೋಕೆ ಬರ್ತಾರೆ."

"ಎರಡು ದಿನ ಹೋಗಿ ಹತ್ತು ದಿನ ಆಯ್ತಲ್ಲ."

"ಮುಖ ಇನ್ನೂ ಸಿಕ್ಕಿಲ್ಲ," ಗಾಲಿಕುರ್ಚಿಯಿಂದ ಉತ್ತರ ಬಂತು. "ಕಿಟಕಿ ಸಿಕ್ತು, ಕೈ ಸಿಕ್ತು, ರವಿಕೆ ಸಿಕ್ತು. ಮುಖದ ಹತ್ರ ಬಂದ್ರೆ ಮಾಯ ಆಗ್ಬಿಡುತ್ತೆ. ನನ್ನನ್ನೇ ನಾನು ಸತಾಯಿಸ್ತಿದೀನಿ ನೋಡಿ."

ಕಳವು ಕಳವೇ, ಕಾಗದ ಆಗಲೇಬೇಕು. ಆದರೆ ಪಂಚನಾಮೆಯನ್ನು ಅವಸರದಲ್ಲಿ ಮುಗಿಸಬೇಕೆಂದು ಯಾವ ಕಾನೂನಿನಲ್ಲೂ ಇರಲಿಲ್ಲ.

"ಡೈರಿ, ಇಲ್ಲಿ ಬೆಳಕು ಸಾಲದು. ಮಾಲು ಸರಿಯಾಗಿ ಪರಿಶೀಲಿಸ್ಬೇಕು. ಅಂಗಳಕ್ಕೆ ತನ್ನಿ. ಅವರನ್ನೂ."

ನಾಲ್ಕು ಇಪ್ಪತ್ತಕ್ಕೆ ಅಂಗಳದ ಬಿಸಿಲಲ್ಲಿ ಪಂಚನಾಮೆ ಶುರುವಾಯಿತು. ದರ್ಜಿ ಚಿತ್ರ ಹಿಡಿದ. ಇನ್‌ಸ್ಪೆಕ್ಟರ್ ಅಂಗುಲ ಅಂಗುಲವಾಗಿ ಗಟ್ಟಿಯಾಗಿ ಹೇಳಿದಳು, ಡೈರಿ ಬರೆದ. ಹಣೆಯ ಮೇಲೆ ಬಿದ್ದ ಒಂದು ಎಳೆ ಕೂದಲು. ಎಡ ಹುಬ್ಬು ತುಸು ಮೇಲೆ. ತುಟಿ ಬಿಗಿದಿದೆ, ಆದರೆ ನಗು ತಡೆದಂತಿದೆ. ಮುದುಕಿ ಒಂದೊಂದು ಮಾತಿಗೂ ಕತ್ತನ್ನು ಇಷ್ಟಿಷ್ಟೇ ತಿರುಗಿಸಿದಳು. ದರ್ಜಿ ಕೈ ಸೋತು ಚಿತ್ರವನ್ನು ಒಂದು ಗೇಣು ಬಲಕ್ಕೆ ಸರಿಸಿದ.

"ಹಾಂ! ಅಲ್ಲೇ! ಅಲ್ಲಾಡಿಸ್ಬೇಡಿ!"

ದರ್ಜಿ ಚಿತ್ರವನ್ನು ಅಲ್ಲೇ ಬಿಗಿಯಾಗಿ ಹಿಡಿದ. ಅವಳು ನೋಡಿದಳು, ತುಂಬಾ ಹೊತ್ತು ನೋಡಿದಳು, ಆಮೇಲೆ ಕಿಲಕಿಲ ನಕ್ಕಳು.

"ಎಷ್ಟು ಸರಿಯಾಗಿ ಬರೆದಿದಾರೆ ಕಣೋ! ಬೈಯೋಕೆ ಬಾಯಿ ತೆಗೀಬೇಕು, ನಗು ಬರ್ತಿದೆ. ಅದೇ ಮುಖ!"

"ಯಾರಿಗೆ ಬೈಯೋಕೆ? ಕ್ಯಾಟಲಾಗಿನಲ್ಲಿ ಕಡಲಿನತ್ತ ಕಾತರದ ನೋಟ ಅಂತ..." ಮೇಲ್ವಿಚಾರಕರು ತಡವರಿಸಿದರು. ಆ ನೋಟದ ಬಗ್ಗೆ ಮೂರು ಪುಟ ಬರೆದವರು ಅವರೇ.

"ಕಡಲೂ ಇಲ್ಲ, ಗಿಡಲೂ ಇಲ್ಲ! ಕಡಲು ನನ್ನ ಬೆನ್ನ ಹಿಂದಿತ್ತು. ಇವನನ್ನ ಜೊತೇಲಿ ಕರ್ಕೊಂಡು ಹೋಗಿದ್ದೆ. ಆರು ವರ್ಷದ ಪೋರ, ಮೂಲೇಲಿ ಕೂತ್ಕೊಂಡು ಅವರ ಬಣ್ಣದ ಬಟ್ಟಲಿಗೆಲ್ಲ ಕೈ ಅದ್ದುತಿದ್ದ. ಅಲ್ಲಾಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಕಣ್ಣಲ್ಲೇ ಹೆದರಿಸ್ತಿದ್ದೆ."

ಮಾಮ ಉಗುರು ಹಳದಿಯಾದ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ. ಅಕ್ಕ ತಡವಿ ತಡವಿ ಅವನ ತಲೆ ಹುಡುಕಿ ಒಂದು ಮೊಟಕಿದಳು.

ಐದೂವರೆಗೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಅಕ್ಕನ ಜೊತೆ ಇರಲು ದರ್ಜಿಯ ಹೆಂಡತಿ ಒಪ್ಪಿದಳು. ಮೇಲ್ವಿಚಾರಕರು ಜಾಮೀನಿಗೆ ತಾವೇ ನಿಲ್ಲಬಹುದೇ ಎಂದು ಎರಡು ಸಲ ಕೇಳಿದರು. ಜೀಪು ಹತ್ತುವಾಗ ಮಾಮ, "ಆ ಗೋಡೆಗೆ ಎರಡನೇ ಕೋಟ್ ಬಾಕಿ ಇದೆ, ಬೇರೆಯವರ ಕೈಗೆ ಕೊಡಬೇಡಿ ಸಾರ್," ಎಂದು ಅವರಿಗೆ ಹೇಳಿದ.

ಆ ಸಂಜೆ ಇನ್‌ಸ್ಪೆಕ್ಟರ್ ಪಂಚನಾಮೆಯನ್ನು ಇನ್ನೊಮ್ಮೆ ಓದಿದಳು. ಕೊನೆಯ ಸಾಲನ್ನು ಡೈರಿ ಯಾರೂ ಹೇಳದೆ ತಾನೇ ಬರೆದಿದ್ದ: "ಚಿತ್ರದಲ್ಲಿರುವವರು ಖುದ್ದು ಹಾಜರಿದ್ದು ತಮ್ಮನ್ನು ತಾವೇ ಗುರುತಿಸಿರುತ್ತಾರೆ. ಸದರಿಯವರು ಕಡಲನ್ನು ನೋಡುತ್ತಿಲ್ಲ, ತಮ್ಮನನ್ನು ನೋಡುತ್ತಿದ್ದಾರೆ." ಅದರ ಕೆಳಗೆ, ಗೆರೆ ತಪ್ಪಿ ಓರೆಯಾಗಿ, ಮುದುಕಿಯ ಸಹಿ ಇತ್ತು.