ಅತ್ತಿ ಕುಲದ ಅಣ್ಣ

ವೈನ್ ಮಾರುವವನ ನಾಲಿಗೆಗೆ ಎಲುಬಿರಬಾರದು ಎಂದು ಚೆಲುವರಾಜ ನಂಬಿದ್ದ. ಮಡಿಕೇರಿಯ ರೆಸಾರ್ಟುಗಳಲ್ಲಿ ತನ್ನ ಬಾಟಲಿಯನ್ನು ಚಳಿಗೆಂದೇ ಮಾಡಿಸಿದ್ದು ಎನ್ನುತ್ತಿದ್ದ. ಗೋವಾದಲ್ಲಿ ಅದೇ ಬಾಟಲಿ ಕಡಲ ಗಾಳಿಗೆಂದೇ ಮಾಡಿಸಿದ್ದಾಗುತ್ತಿತ್ತು. ಎರಡೂ ಕಡೆ ಮಾಲು ಖಾಲಿಯಾಗುತ್ತಿತ್ತು.

ಆ ನಾಲಿಗೆಯೇ ಸುರುಳಿಪಟ್ಟಿಯಲ್ಲಿ ಅವನನ್ನು ಕೆಡಿಸಿತು.

ಮೂರು ವರ್ಷದ ಹಿಂದೆ ಪನ್ನೀರ್ ದ್ರಾಕ್ಷಿ ಹುಡುಕಿಕೊಂಡು ಮೊದಲ ಸಲ ತಮಿಳುನಾಡಿನ ಕಂಬಂ ಕಣಿವೆಯ ಆ ಊರಿಗೆ ಬಂದಿದ್ದ. ತೋಟದ ಅಂಚಿನಲ್ಲಿ ದೊಡ್ಡ ಅತ್ತಿಮರವೊಂದಿತ್ತು. "ಇದನ್ನ ಕಡಿಯಲ್ವಾ? ಬಳ್ಳಿಗೆ ನೆರಳಾಗ್ತದೆ," ಎಂದು ಬಾಯಿತಪ್ಪಿ ಕನ್ನಡದಲ್ಲೇ ಕೇಳಿದ.

"ಕಡಿಯಕ್ಕಾಗಲ್ಲ. ನಾವು ಅತ್ತಿ ಕುಲದವ್ರು," ಎಂದಳು ತೋಟದ ಮನೆಯ ಹುಡುಗಿ ದೈವಾನೈ. ಆ ತಮಿಳು ನೆಲದಲ್ಲಿ ಕನ್ನಡ ಕೇಳಿ ಅವನು ಬೆರಗಾದ; ಅವರ ಹಿರಿಯರು ಎಂದೋ ಕನ್ನಡ ನಾಡಿನಿಂದ ಬಂದು ನೆಲೆಸಿದವರು. ಅವನ ಬೆರಗು ನೋಡಿ ಅವಳು ನಕ್ಕಳು. ಒಂದು ಗೊಂಚಲು ಕಿತ್ತು ಅವನ ಕೈಗಿಡುವಾಗ, ಇಡಲೋ ಬೇಡವೋ ಎಂಬಂತೆ ತುಸು ಹೊತ್ತು ಹಿಡಿದೇ ಇದ್ದಳು.

"ಬಿಡ್ರೀ ಮತ್ತೆ."

"ನೀವು ಎಳೀರಿ ಮೊದ್ಲು."

ಮಧ್ಯಾಹ್ನ ಅವಳ ತಾಯಿ ಪಳನಿಯಮ್ಮಾಳ್ ಎಲೆ ಹಾಕಿ ಕೂರಿಸಿದಳು. "ಸಾಮಿ, ಅಷ್ಟು ದೂರದೂರಿನವ್ರು ನಮ್ಮ ಮಾತು ಆಡ್ತೀರಲ್ಲ! ನೀವು ಯಾವ ಕುಲ?"

ದ್ರಾಕ್ಷಿಗೆ ಇನ್ನೂ ನಾಲ್ಕು ಮಂದಿ ಗಿರಾಕಿಗಳಿದ್ದರು. ಚೆಲುವರಾಜ ಯೋಚಿಸಲಿಲ್ಲ. "ಅತ್ತಿ ಕುಲವೇ, ಅವ್ವಾ," ಎಂದುಬಿಟ್ಟ.

ಮುದುಕಿಯ ಕಣ್ಣು ತುಂಬಿತು. ಕುಮುಳಿ ಘಾಟಿನಲ್ಲಿ ಲಾರಿ ಉರುಳಿ ಮಗ ಶಿವಬಾಲನ್ ಸತ್ತಂದಿನಿಂದ ಆ ಮನೆಯಲ್ಲಿ ಗಂಡುದಿಕ್ಕಿರಲಿಲ್ಲ. "ಹಂಗಾದ್ರೆ ನೀನು ನನ್ನ ಮಗ. ದೈವಾನೈ, ಅಣ್ಣಂಗೆ ಸಾರು ಹುಯ್ಯಿ."

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖದ ನಗು ನಿಂತುಹೋಯಿತು. ನಾಚಿದಳು ಎಂದುಕೊಂಡ ಇವನು. ಒಂದೇ ಕುಲದವರು ಒಡಹುಟ್ಟಿದವರೆಂಬುದು ಆ ಜನಕ್ಕೆ ಎಷ್ಟು ಕಟ್ಟುನಿಟ್ಟು ಎಂದು ತಿಳಿದಿದ್ದರೆ ಅನ್ನ ಬಿಟ್ಟು ಎದ್ದಿರುತ್ತಿದ್ದ.

ಆಮೇಲೆ ಕೊಯ್ಲಿಗೊಮ್ಮೆ ಬಂದ. ಕೊಯ್ಲಿಲ್ಲದಾಗಲೂ ನೆವ ಹುಡುಕಿ ಬಂದ. ದೈವಾನೈ ಅವನನ್ನು ಒಮ್ಮೆಯೂ ಅಣ್ಣ ಎನ್ನಲಿಲ್ಲ.

"ಒಯಿನ್‌ಕಾರರೇ, ಗೋವಾದಲ್ಲಿ ಕಡಲು ನೋಡಿದ್ರಾ?"

"ನೋಡ್ದೆ. ನಿನ್ನನ್ನ ನೆನೆಸ್ಕೊಂಡೆ."

"ಕಡಲು ನೋಡಿ ಯಾರಾದ್ರೂ ದ್ರಾಕ್ಷಿ ತೋಟ ನೆನೆಸ್ಕಂತಾರಾ!" ಎಂದು ಎಲೆಯ ಮರೆಗೆ ಹೋಗುವಳು. ಮತ್ತೆ ಹೊರಬಂದಾಗ ಅವಳ ಕಣ್ಣು ಕೆಂಪಾಗಿರುತ್ತಿತ್ತು.

ಹೋದ ತೈ ತಿಂಗಳ ಅಮಾವಾಸ್ಯೆಗೆ ಪಳನಿಯಮ್ಮಾಳ್ ಅವನ ಕೈ ಹಿಡಿದು ಸುರುಳಿ ಜಲಪಾತಕ್ಕೆ ಕರೆದೊಯ್ದಳು. ಸತ್ತ ಮಗನಿಗೆ ಪಿಂಡವಿಡಲು ಕುಲದ ಗಂಡಸು ಬೇಕಿತ್ತು. ನಿಜ ಹೇಳುವ ಬದಲು ಚೆಲುವರಾಜ ನೀರಿಗಿಳಿದ. ಒದ್ದೆ ಬಟ್ಟೆಯಲ್ಲಿ ಕೂತು ಕಂಡಿರದ ಶಿವಬಾಲನಿಗೆ ಅನ್ನವಿಟ್ಟ. ಅಂದು ಮಧ್ಯಾಹ್ನ ಮುದುಕಿ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಆರು ತಿಂಗಳಿಗೆ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿ ದುರೈ ಜೊತೆ ದೈವಾನೈಗೆ ಮದುವೆ ಗೊತ್ತಾಯಿತು. ಸುದ್ದಿ ಮುಟ್ಟಿದಾಗ ಚೆಲುವರಾಜ ಗೋವಾದಲ್ಲಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದನ್ನು ಹಿಡಿದು ತರುತ್ತೇನೆಂದು ಎರಡು ದಿನ ಕಾರು ಓಡಿಸಿಕೊಂಡು ಬಂದ.

ಅವಳು ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದಳು.

"ದೈವಾನೈ, ನಾನು ಅತ್ತಿ ಕುಲದವನಲ್ಲ. ನಿಮ್ಮ ದ್ರಾಕ್ಷಿ ಬೇಕಿತ್ತು, ಸುಳ್ಳು ಹೇಳ್ದೆ."

ಕತ್ತರಿ ನಿಂತಿತು. "ನೆಜವಾ? ನೀವು ನನಿಗೆ ಅಣ್ಣ ಅಲ್ವಾ?"

"ಅಲ್ಲ. ಯಾವತ್ತೂ ಆಗಿರ್ಲಿಲ್ಲ."

ಅವಳು ನಕ್ಕಳು. ಆ ಮೊದಲ ದಿನದ ನಗು. ನಗುತ್ತಲೇ ಅಳು ಬಂತು. "ಮೂರು ವರ್ಸ ದೇವ್ರ ಮುಂದೆ ಅತ್ತಿದ್ದೀನಿ ಒಯಿನ್‌ಕಾರರೇ. ಅಣ್ಣನ ಮೇಲೆ ಮನಸ್ಸು ಹೋಯ್ತಲ್ಲಾ, ನಾನೆಂಥ ಪಾಪಿ ಅಂತ."

ಅವನಿಗೆ ಬೇರೇನೂ ಬೇಕಿರಲಿಲ್ಲ. "ಈಗ್ಲೇ ಅವ್ವಂಗೆ ಹೇಳ್ತೀನಿ," ಎಂದು ಮನೆಯತ್ತ ತಿರುಗಿದ.

ಅವಳು ಮಣಿಕಟ್ಟು ಹಿಡಿದಳು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. "ಬೇಡ. ಸುರುಳೀಲಿ ಪಿಂಡ ಇಟ್ಟವ್ರು ಯಾರು?"

ಅವನು ಮನೆಯತ್ತ ಇಟ್ಟಿದ್ದ ಹೆಜ್ಜೆ ಹಿಂದೆ ತೆಗೆದ.

"ಕುಲದವ್ರಲ್ಲದ ಕೈ ಇಟ್ಟ ಅನ್ನ ನಮ್ಮಣ್ಣಂಗೆ ಸೇರಲ್ಲ ಅಂತಾಳೆ ಅವ್ವ. ಮಗ ಇನ್ನೂ ಹಸ್ಕಂಡೇ ಅಲೀತಾವ್ನೆ ಅಂತ ಮತ್ತೆ ಅನ್ನ ಬಿಡ್ತಾಳೆ. ಅಣ್ಣ ಸತ್ತಾಗ ಬಾಯಿಗೆ ಗಂಜಿ ಹುಯ್ದು ಹುಯ್ದು ಉಳಿಸ್ಕಂಡೆ. ಇನ್ನೊಂದು ಸಲ ನನ್ ಕೈಲಾಗಲ್ಲ."

"ಸುಳ್ಳು ಹೇಳಿದವನು ನಾನು. ಶಿಕ್ಷೆ ನಿನಗ್ಯಾಕೆ?"

"ಪ್ರೀತಿ ನೀವೊಬ್ರೇನಾ ಮಾಡಿದ್ದು?" ಎಂದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. "ಮದ್ವೆಗೆ ಬನ್ನಿ. ನೀವು ಬರ್ದೆ ಇದ್ರೆ ಅವ್ವ ಕೇಳ್ತಾಳೆ."

ಬಂದ. ಬರಬಾರದೆಂದು ತನ್ನೂರ ದಾರಿ ಹಿಡಿದು ಬತ್ತಲಗುಂಡಿನ ತನಕ ಎರಡು ಸಲ ಗಾಡಿ ತಿರುಗಿಸಿ ಹೋಗಿ, ಎರಡು ಸಲವೂ ವಾಪಸ್ಸಾಗಿ ಬಂದ. ಪಳನಿಯಮ್ಮಾಳ್ ಹೊಸ ಪಂಚೆ ಉಡಿಸಿ ಮಂಟಪಕ್ಕೆ ಎಳೆದುಕೊಂಡು ಹೋದಳು. ಮದುಮಗಳ ಬೊಗಸೆಗೆ ಮೂರು ಹಿಡಿ ಅರಳು ತುಂಬುವುದು ಅಣ್ಣನ ಕೆಲಸ.

"ಹಾಕು ಸಾಮಿ, ತಂಗಚ್ಚಿ ಕೈಗೆ ಹಾಕು."

ದೈವಾನೈ ಬೊಗಸೆ ಒಡ್ಡಿದಳು. ಗೋರಂಟಿಯ ಕೆಳಗೆ, ಕತ್ತರಿ ಹಿಡಿದು ಜಡ್ಡುಗಟ್ಟಿದ ಅದೇ ಬೆರಳುಗಳು. ಮೊದಲ ಹಿಡಿ ಹಾಕಿದ. ಎರಡನೆಯದು ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಮೂರನೆಯದಕ್ಕೆ ಕೈಯೇ ಏಳಲಿಲ್ಲ. ಪಕ್ಕದಲ್ಲಿ ದುರೈ ಕಾಯುತ್ತಿದ್ದ. ಮುದುಕಿಯ ಮುಖದಲ್ಲಿ ಗಾಬರಿ ಮೂಡತೊಡಗಿತ್ತು.

ದೈವಾನೈ ತಲೆಯೆತ್ತಿ ಅವನನ್ನು ಒಮ್ಮೆ ಪೂರ್ತಿಯಾಗಿ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇನ್ನೊಂದು ಹಿಡಿ ಹಾಕಿ, ಅಣ್ಣಾ."

ಅವನು ಹಾಕಿದ.